ಪುಕ್ಕಟೆ ಸಿಕ್ಕ ಹೊಸ್ತಿಲು

ನನ್ನ ಈರುಳ್ಳಿ ಮಂಡಿಯ ಹೊಸ್ತಿಲ ಕಲ್ಲಿಗೆ ನಾನು ಕಾಸು ಕೊಟ್ಟಿಲ್ಲ. ಆದರೂ ಜನ್ಮದಲ್ಲಿ ನಾನು ಮಾಡಿದ ಅತಿ ದುಬಾರಿ ವ್ಯಾಪಾರ ಅದೇ. ಅದಕ್ಕೆ ಗೆಳೆಯ ಮಾದಪ್ಪನನ್ನೇ ತೆತ್ತೆ. ಕಾರಣ ಬೇರೇನಿಲ್ಲ, ಅವಸರ. ಇವತ್ತು ಬೆಳಿಗ್ಗೆ ಎದುರು ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಹಸಿಮಣ್ಣಿನ ವಾಸನೆ ಗಲ್ಲಾಪೆಟ್ಟಿಗೆಯವರೆಗೂ ಬಂತು, ಗಿರಾಕಿಗೆ ಹೇಳುತ್ತಿದ್ದ ದರ ಮರೆತೇಹೋಯಿತು. ನಾನು ದರ ಮರೆಯುವುದೆಂದರೆ ನೀವೇ ಊಹಿಸಿ.

ಐವತ್ತರ ದಶಕದ ಮಾತು. ಉಡಿಗಾಲದ ಮಾದಪ್ಪನೂ ನಾನೂ ಗುಂಡ್ಲುಪೇಟೆಯಲ್ಲಿ ಒಟ್ಟಿಗೆ ಲಾರಿಗೆ ಮೂಟೆ ಹೊತ್ತವರು. ಆಮೇಲೆ ಅವನು ಗಾರೆ ಕೆಲಸ ಹಿಡಿದ, ನಾನು ಮಾತು ಮಾರಿ ಮಂಡಿಯವನಾದೆ. ಊರೆಲ್ಲ ನನ್ನನ್ನು ಸಾವ್ಕಾರ್ರೇ ಅನ್ನತೊಡಗಿದ ಮೇಲೂ ಅವನೊಬ್ಬ ‘ಲಾ’ ಬಿಡಲಿಲ್ಲ. ಗಿರಾಕಿಗಳ ಎದುರಿಗೇ, “ಸುಣ್ಣ ಸಾಲ್ದು, ಇನ್ನೊಂದು ಗಾಡಿ ತರ್ಸ್ಲಾ ಜುಗ್ಗ” ಅನ್ನೋನು. ಆಗ ನನಗೆ ಮುಜುಗರವಾಗುತ್ತಿತ್ತು, ಸುಳ್ಳೇಕೆ.

ಸ್ವಂತ ಮಂಡಿಗೆ ಪಾಯ ತೋಡಿಸುವಾಗ ಸೊಂಟದಾಳದಲ್ಲಿ ಉದ್ದನೆಯ ಕಲ್ಲೊಂದು ಸಿಕ್ಕಿತು. ಅದರ ಮೇಲೆ ಬಳೆ ತೊಟ್ಟು ಎತ್ತಿದ ಕೈಯ ಕೆತ್ತನೆ, ಕೆಳಗೆ ಮೂರು ಸಾಲು ಅಕ್ಷರ. ಗಂಡನ ಚಿತೆ ಏರಿದವಳ ಕಲ್ಲು, ಮಾಸ್ತಿಕಲ್ಲು. ಮಾದಪ್ಪ ಹಾರೆ ಕೆಳಗಿಟ್ಟ. ಅವರ ವಂಶದಲ್ಲಿ ಹಾಗೆ ಹೋದವಳೊಬ್ಬಳಿದ್ದಳಂತೆ. ಅವಳ ಕಲ್ಲು ಪೇಟೆ ಕಡೆ ಎಲ್ಲೋ ಮಣ್ಣುಪಾಲಾಗಿ, ಹೆಸರೂ ಮರೆತುಹೋಗಿ, ಮನೆಯವರು ಮದುವೆಗೊಮ್ಮೆ ಬರೀ ಬಳೆ ಇಟ್ಟು ಪೂಜೆ ಮಾಡುತ್ತಿದ್ದರು. ಸ್ಕೂಲು ಮೇಷ್ಟ್ರು ಬಂದು ಅಕ್ಷರದ ಮೇಲೆ ಬೆರಳಾಡಿಸಿ, “ಉಡಿಗಾಲ ಅಂತಿದೆ. ಮುಂದಿನದು ಹೆಂಗಸಿನ ಹೆಸರಿರಬೇಕು, ನನಗೆ ಹತ್ತುತ್ತಿಲ್ಲ. ಮೈಸೂರಿನ ಶಾಸನ ಇಲಾಖೆಗೆ ಬರೀತೀನಿ, ಓದೋರು ಬರ್ತಾರೆ” ಎಂದರು.

ಮೇಷ್ಟ್ರು ಹೋದ ಮೇಲೆ ನಾನು, “ಓದೋರು ಬಂದ್ರೆ ಸೈಟೇ ಸರ್ಕಾರಕ್ಕೆ ಓಯ್ತದೆ ಕಣ್ಲಾ” ಎಂದೆ.

“ಎಂಟು ದಿವ್ಸ ತಡ್ಕೊಳ್ಲಾ. ಬೆಂದೋದೋಳ್ಗೆ ಎಸ್ರಾದ್ರೂ ಬ್ಯಾಡ್ವಾ? ಊರ್ಗೋಗಿ ಅವ್ವನ್ನ ಕರ್ಕಬತ್ತೀನಿ, ನೋಡ್ಲಿ.”

“ಆಯ್ತು ಓಗು.”

ಬಾಯಲ್ಲಿ ಆಯ್ತು ಅಂದೆ, ಮನಸ್ಸಿನಲ್ಲಿ ಈರುಳ್ಳಿ ಫಸಲಿತ್ತು. ಬಾಗಿಲಿಡದೆ ಮಾಲು ಎಲ್ಲಿ ಇಳಿಸಲಿ? ಅವನು ಅತ್ತ ಹೋದ ಮಾರನೆಯ ದಿನವೇ ಬೇರೆ ಕಲ್ಲುಕುಟಿಗನನ್ನು ಕರೆಸಿದೆ. ಕಲ್ಲು ಹೊಸ್ತಿಲ ಅಳತೆಗೆ ಸರಿಯಾಗಿತ್ತು. ಹಿಂಬದಿ ಉಬ್ಬುತಗ್ಗು, ಕೈ, ಅಕ್ಷರ ಇದ್ದ ಮುಖವೇ ಹೆಚ್ಚು ಸಮ. ಆ ಮುಖ ಮೇಲೆ ಮಾಡಿ, ಮೂಟೆ ಹೊತ್ತವರ ಕಾಲು ಜಾರದಿರಲೆಂದು, ಬೀಸುವ ಕಲ್ಲಿಗೆ ಹೊಡೆಯುವ ಹಾಗೆ ಉಳಿಯಿಂದ ಪೂರ್ತಿ ಒರಟು ಮಾಡಿಸಿದೆ. ಮೂಟೆ ಹೊತ್ತ ಕಾಲಿನ ಸಂಕಟ ನನಗೆ ಗೊತ್ತಿತ್ತಲ್ಲ, ಅದನ್ನು ಉಪಕಾರ ಅಂತಲೇ ಎಣಿಸಿದ್ದೆ.

ಮೂರನೇ ದಿನ ಅವ್ವನ ಜೊತೆ ಬಂದ. ಮುದುಕಿ ಮಡಿಲಲ್ಲಿ ಹಸಿರು ಬಳೆ ಕಟ್ಟಿಕೊಂಡು ಬಂದಿದ್ದಳು. ಹೊಸ್ತಿಲ ಮೇಲೆ ಅಂಗೈ ಸವರಿ, “ಯಾವ ಕಡೆ ಇತ್ಲಾ ಎಸ್ರು?” ಅಂತ ಮಗನನ್ನು ಕೇಳಿದಳು. ಅವನು ಅವಳ ರಟ್ಟೆ ಹಿಡಿದ.

“ಬುಡವ್ವ, ಏಳು. ಸಾವ್ಕಾರ್ರಿಗೆ ಒತ್ತಾಯ್ತದೆ.”

ಗೋಡೆ ಪೂರ್ತಿ ಅವನೇ ಕಟ್ಟಿದ, ಒಂದು ಕಲ್ಲೂ ಸೊಟ್ಟವಿಲ್ಲ. ಮೈಸೂರಿನವರು ಬಂದರು, ಹೊಸ್ತಿಲು ನೋಡಿದರು. ಅಕ್ಷರ ಉಳಿದಿದ್ದರೆ ಕಾಗದ ಒತ್ತಿ ಅಚ್ಚು ತೆಗೆಯುವುದು ಅರ್ಧ ದಿನದ ಕೆಲಸವಾಗಿತ್ತು, ನಿಮ್ಮ ಜಾಗ ನಮಗೇಕೆ ಬೇಕಿತ್ತು ಅಂದು ಹೋದರು. ಆಮೇಲೆ ಸಂತೆಯಲ್ಲಿ ಮಾದಪ್ಪ ಸಿಕ್ಕಾಗಲೆಲ್ಲ ನಾನು ಬೇಕೆಂದೇ ಕೆಣಕುತ್ತಿದ್ದೆ: “ಏನ್ಲಾ ಮಾದ, ನಿನ್ ಕೆಲ್ಸ ಕೆಟ್ಟೋಗ್ಯದಂತಲ್ಲ.” ಬೈಯಲಿ, ಬೈಗುಳದ ಜೊತೆ ಒಂದು ‘ಲಾ’ ಬರಲಿ ಅಂತ. “ಚೆಂದಾಗಿದ್ದೀರಾ ಸಾವ್ಕಾರ್ರೇ” ಅನ್ನೋನು, ಅಷ್ಟೇ. ಅವನೂ ಹೋಗಿ ಎಷ್ಟೋ ವರ್ಷವಾಯಿತು. ಈಗ ನನ್ನನ್ನು ‘ಲಾ’ ಅಂತ ಕರೆಯುವ ವಯಸ್ಸಿನವರು ಊರಲ್ಲಿ ಯಾರೂ ಉಳಿದಿಲ್ಲ.

ಮಧ್ಯಾಹ್ನ ಅಂಗಡಿ ಬಿಟ್ಟು ಎದುರು ಸೈಟಿಗೆ ಹೋಗಿ, ಅವರು ಕೇಳದಿದ್ದರೂ ಹೇಳಿ ಬಂದೆ. ನಿಮಗೂ ಹೇಳುತ್ತೇನೆ. ಪಾಯದಲ್ಲಿ ಕೆತ್ತಿದ ಕಲ್ಲು ಸಿಕ್ಕರೆ ಕದಲಿಸಬೇಡಿ. ಎಣ್ಣೆ, ಸುಣ್ಣ, ಉಳಿ ಯಾವುದೂ ಬೇಡ. ಗೋಣಿತಾಟು ಹೊದಿಸಿ ತಾಲ್ಲೂಕು ಕಚೇರಿಗೆ ತಿಳಿಸಿ. ಓದುವವರು ಬರುವವರೆಗೆ ಇನ್ನೊಂದು ಕಡೆಯ ಗೋಡೆ ಎಬ್ಬಿಸಿ, ನಷ್ಟವೇನಿಲ್ಲ. ಅದಕ್ಕೂ ಮುಂಚೆ, ಗುಂಡಿಯಲ್ಲಿ ನಿಂತು ತೋಡುತ್ತಿರುವವನನ್ನು ಕೇಳಿ, ಇದು ನಿಮ್ಮವರದಾ ಅಂತ. ಊರಿಗೆ ಹೋಗಿ ಬರುತ್ತೇನೆ ಅಂದರೆ, ಅವನು ಬರುವವರೆಗೆ ಕಾಯಿರಿ.