ಸಭೆಯ ಹೊರಗೆ ಚೂಡಾಮಣಿ

ಚೂಡಾಮಣಿ ಮೈಸೂರಿನ ವಿದ್ಯಾರಣ್ಯಪುರಂಗೆ ಬಂದು ಹದಿನಾಲ್ಕು ವರ್ಷ. ಮೊದಲ ಮಹಡಿಯಲ್ಲಿ ಎರಡು ಕೋಣೆಯ ಮನೆ. ತಾಯಿ ಇರುವವರೆಗೆ ಇಬ್ಬರು, ಆಮೇಲೆ ಒಬ್ಬಳೇ. ಬೆಳಿಗ್ಗೆ ಏಳಕ್ಕೆ ಬೀಗ ಹಾಕಿ, ನಂಜನಗೂಡು ರಸ್ತೆಗೆ ನಡೆದು ಹಳ್ಳಿಯ ಬಸ್ಸು ಹತ್ತಿದರೆ, ಮತ್ತೆ ಬೀಗ ತೆಗೆಯುವುದು ಸಂಜೆ ಕಳೆದ ಮೇಲೆಯೇ. ಭಾನುವಾರವೂ ಬಿಡುವಿಲ್ಲ. ಹಳ್ಳಿಯವರು ಸಭೆಗೆ ಸಿಗುವುದೇ ಅಂದು.

ಊರಿನವರನ್ನು ಒಂದೆಡೆ ಕೂರಿಸುವುದು ಅವಳ ಕೆಲಸ. ಹಳ್ಳಿಗೆ ಕುಡಿಯುವ ನೀರಿನ ಯೋಜನೆ ಬಂದರೆ ಟ್ಯಾಂಕು ಎಲ್ಲಿರಬೇಕು, ನಲ್ಲಿ ಯಾವ ಬೀದಿಗೆ ಮೊದಲು ಎಂಬುದನ್ನು ಅಲ್ಲಿಯವರೇ ತೀರ್ಮಾನಿಸುವಂತೆ ಮಾಡಬೇಕು. ಒಂದು ಸಂಸ್ಥೆಯ ಪರವಾಗಿ ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ್ದಳು.

ಸಂಪಿಗೆಹುಂಡಿಯಲ್ಲಿ ಹನ್ನೊಂದು ತಿಂಗಳು ಓಡಾಡಿದಳು. ಆ ಊರಿನ ದಿಣ್ಣೆ ಬೀದಿಗೆ ನೀರು ಏರುತ್ತಿರಲಿಲ್ಲ. ಅಲ್ಲಿಯ ಹೆಂಗಸರನ್ನು ಚೂಡಾಮಣಿ ಶಾಲೆಯ ಅಂಗಳಕ್ಕೆ ಕರೆತಂದು, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದಳು. ನೀರು ಬಾರದ ಮನೆಗಳ ಮೇಲೆ ಅವರು ಇದ್ದಿಲು ಇಟ್ಟರು. ದಿಣ್ಣೆಯೆಲ್ಲ ಕಪ್ಪಾಯಿತು. ಹೊಸ ಟ್ಯಾಂಕಿಗೆ ಶಾಲೆಯ ಹಿಂದೆ ಖಾಲಿಯಿದ್ದ ಸರ್ಕಾರಿ ಜಾಗವೇ ವಾಸಿ ಎಂದು ಅವಳಿಗೆ ಅನ್ನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಪ್ರತಿ ಸಭೆಯಲ್ಲೂ ಎಲ್ಲರೂ ಅದೇ ಜಾಗ ಹೇಳುತ್ತಿದ್ದರು.

ಕೊನೆಯ ಸಭೆಯ ದಿನ ಬಸ್ಸಿಳಿದಾಗ ದಿಣ್ಣೆ ಬೀದಿಯ ದೇವಿರಮ್ಮ ಕಾಯುತ್ತಿದ್ದಳು. ಮಹಿಳಾ ಸಂಘ ನಡೆಸುವವಳು, ನೇರ ಮಾತಿನವಳು.

"ಮೇಡಮ್ಮೋರೆ, ಬೇಜಾರ್ ಮಾಡ್ಕಬ್ಯಾಡಿ. ಇವತ್ತು ನೀವು ಒಳಕ್ ಬರೋದು ಬ್ಯಾಡ."

"ಯಾಕೆ ದೇವಿರಮ್ಮ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ತಪ್ಪೇನಿಲ್ಲ ಕಣ್ರವ್ವ. ನೀವು ಕುಂತಿದ್ರೆ ಎಲ್ರೂ ನಿಮ್ ಮಕ ನೋಡ್ಕಂಡೇ ಮಾತಾಡ್ತರೆ. ನಿಮ್ಗೆ ಏನ್ ಇಷ್ಟವೋ ಅದ್ಕೇ ಹೂಂ ಅಂತರೆ. ಇದೊಂದ್ ದಿನ ನಮ್ ಪಾಡಿಗ್ ನಮ್ಮನ್ ಬುಟ್ಬುಡಿ."

ಚೂಡಾಮಣಿ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಕುಳಿತಳು. ಶಾಲೆಯ ಕಡೆಯಿಂದ ಜಗಳದ ಸದ್ದು ಬಂತು, ಆಮೇಲೆ ನಗು. ಯಾವುದಕ್ಕೆ ನಕ್ಕರೆಂದು ತಿಳಿಯಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಕುಳಿತಳು. ಎರಡು ಬಸ್ಸು ಬಂದು ಹೋದವು.

ಮೂರು ಗಂಟೆಯ ಹೊತ್ತಿಗೆ ಹೆಂಗಸರು ಗುಂಪಾಗಿ ಹೊರಬಂದು, ಅವಳತ್ತ ಬಾರದೆ ಸೀದಾ ದಿಣ್ಣೆ ಹತ್ತಿ ಬೆಟ್ಟಯ್ಯನ ಮನೆಗೆ ಹೋದರು. ಹಿಂದೊಮ್ಮೆ ಊರಿನವರು ರಸ್ತೆಗೆಂದು ತನ್ನ ಹೊಲದ ಅಂಚನ್ನು ಹೇಳದೆ ಕೇಳದೆ ಅಗೆದಾಗಿನಿಂದ ಆ ಮುದುಕ ಯಾವ ಸಭೆಗೂ ಕಾಲಿಟ್ಟವನಲ್ಲ. ಹನ್ನೊಂದು ತಿಂಗಳಲ್ಲಿ ಚೂಡಾಮಣಿ ಅವನ ಮುಖ ನೋಡಿರಲಿಲ್ಲ. ಅವನ ನೆಲವೇ ಊರಿನಲ್ಲಿ ಎತ್ತರದ ನೆಲ. ಟ್ಯಾಂಕಿಗೆ ಅಲ್ಲಿ ಎರಡು ಗುಂಟೆ ಕೇಳಲು ಅವರು ಹೋಗಿದ್ದರು.

"ಏನಂದ್ರು?" ದೇವಿರಮ್ಮ ಮರಳಿದಾಗ ಚೂಡಾಮಣಿ ಕೇಳಿದಳು.

"'ಇಷ್ಟು ವರ್ಸಕ್ಕೆ ಈಗ ನನ್ನ ಕೇಳಕ್ ಬಂದ್ರಲ್ಲ' ಅಂದ. ಆಮ್ಯಾಕೆ ತಕಳಿ ಅಂದ."

ಚೂಡಾಮಣಿ ದೇವಿರಮ್ಮನ ಕೈ ಹಿಡಿದುಕೊಂಡಳು. ನಿಜವಾಗಿ ಸಂತೋಷವಾಗಿತ್ತು. ಮೈಸೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು.

ಟ್ಯಾಂಕು ಎದ್ದಿತು, ದಿಣ್ಣೆಗೆ ನೀರು ಹತ್ತಿತು. ಆರು ತಿಂಗಳ ಮೇಲೆ ಅವಳು ಒಮ್ಮೆ ನೋಡಿಬರಲು ಹೋದಳು. ಮೊದಲೆಲ್ಲ ಅವರೊಂದಿಗೆ ಚಾಪೆಯ ಮೇಲೆ ಕೂರುತ್ತಿದ್ದವಳಿಗೆ ಈ ಸಲ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಕಾಫಿಗೆ ಸಕ್ಕರೆ ಎಷ್ಟೆಂದು ಕೇಳಿದರು. "ಈಗ ಎಲ್ಲ ನಾವೇ ನೋಡ್ಕತೀವಿ, ನೀವು ದಣಿಬ್ಯಾಡಿ," ಎಂದಳು ದೇವಿರಮ್ಮ, ಪ್ರೀತಿಯಿಂದಲೇ. ಸಂಘದ ಸಭೆಗೆ ಹೊತ್ತಾಗಿತ್ತು. ದೇವಿರಮ್ಮ ಎದ್ದು ಹೋದಳು.

ಆ ವರ್ಷ ಸಂಸ್ಥೆಯ ಯೋಜನೆ ಮುಗಿದು ಚೂಡಾಮಣಿಯ ಕೆಲಸವೂ ಮುಗಿಯಿತು. ಮೊದಲ ಭಾನುವಾರ ಮನೆಯಲ್ಲಿ ಕುಳಿತು ಬೀದಿಯ ಸದ್ದು ಕೇಳಿದಳು. ಎದುರು ಮನೆಯಲ್ಲಿ ಯಾರೋ ವೀಣೆ ನುಡಿಸುತ್ತಿದ್ದರು. ಯಾರೆಂದು ಗೊತ್ತಿರಲಿಲ್ಲ. ನೂರಾರು ಹಳ್ಳಿಮನೆಯವರ ಹೆಸರು ಬಾಯಿಪಾಠವಿದ್ದವಳಿಗೆ ತನ್ನ ಬೀದಿಯ ಒಂದು ಮನೆಯವರ ಹೆಸರೂ ತಿಳಿಯದು.

ಉದ್ಯಾನದ ಗೇಟಿನಲ್ಲಿ ಬಡಾವಣೆ ಸಂಘದ ಸಭೆಯ ಚೀಟಿ ಅಂಟಿಸಿದ್ದರು. ಸಂಜೆ ಹೋದಳು. ಒಂಬತ್ತು ಜನರಿದ್ದರು.

"ಹೊಸದಾಗಿ ಬಂದ್ರಾ ಈ ಕಡೆಗೆ?" ಎಂದರು ಅಧ್ಯಕ್ಷರು, ವಾಗೀಶ ಎಂಬುವರು.

"ಹದಿನಾಲ್ಕು ವರ್ಷ ಆಯ್ತು."

ಅವರು ಮುಜುಗರದಿಂದ ನಕ್ಕು ಚರಂಡಿಯ ವಿಷಯಕ್ಕೆ ಹೋದರು. ಅವರೊಬ್ಬರೇ ಮಾತಾಡಿದರು, ಉಳಿದವರು ತಲೆಯಾಡಿಸಿದರು. ಇಂಥ ಸಭೆಯಲ್ಲಿ ಎಲ್ಲರ ಬಾಯಿ ಹೇಗೆ ಬಿಡಿಸಬೇಕೆಂದು ಚೂಡಾಮಣಿಗೆ ಗೊತ್ತಿತ್ತು. ಆದರೆ ಎಲ್ಲಿಂದ ಶುರುಮಾಡುವುದು, ಯಾರ ಹೆಸರು ಹಿಡಿದು ಕೂಗುವುದು?

ಕೊನೆಗೆ ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನಿಮ್ಮ ಹೆಸರೇನು?"

"ಶುಭಾ. ನಿಮ್ಮ ಮನೆ ಕೆಳಗೇ ಇರೋದು ಕಣ್ರೀ ನಾವು," ಎಂದಳು ಆಕೆ.