ವಾರಂಟಿಗೆ ಸೇರದ ನಿಂಬೆಹಣ್ಣು

ನಾಸಿಕದ ಸರ್ವಿಸ್ ಸೆಂಟರಿನ ಬಾಗಿಲಲ್ಲೇ ನನ್ನ ಬೈಕು ಕೊನೆಗೂ ಸ್ಟಾರ್ಟ್ ಆಗದೆ ನಿಂತಾಗ, ನಾನು ಲಾಟರಿ ಹೊಡೆದವನಂತೆ ಕುಣಿದೆ. ವಾರಂಟಿ ಮುಗಿಯಲು ಎರಡೇ ದಿನ ಉಳಿದಿತ್ತು.

ಮೊದಲು ಮೂರು ಸಲ ತಂದಾಗಲೂ ಸೆಂಟರಿನವರು ಗಾಡಿ ತೊಳೆದು ಬಟನ್ ಒತ್ತಿದರೆ, ಅದು ಹೊಸ ಅಳಿಯನಂತೆ ವಿನಯದಿಂದ ಹೊರಟಿತ್ತು. ಸಾತಪುರದ ಫ್ಯಾಕ್ಟರಿಗೆ ಕೆಲಸಕ್ಕೆ ಹೊರಟಾಗ ಮಾತ್ರ ಮೌನವ್ರತ. ‘ಸದ್ದು ಹೇಗೆ ಬರುತ್ತೆ?’ ಎಂದು ಅವರು ಕೇಳಿದರೆ, ಮ್ಯಾನೇಜರರಿಂದ ಮಿಕ್ಸರಿನವರೆಗೆ ಎಲ್ಲದರ ದನಿ ಅನುಕರಿಸುವ ನಾನು ಬಾಯಿ ಮುಚ್ಚಿ ನಿಲ್ಲಬೇಕಾಗುತ್ತಿತ್ತು. ಬೈಕಿನಿಂದ ಬರುತ್ತಿದ್ದ ಸದ್ದೇ ಅಷ್ಟು!

ಈ ಸಲ ತೊಳೆಯುವ ಮೊದಲೇ ಹಿರಿಯ ಮೆಕ್ಯಾನಿಕ್ ಬಗ್ಗಿ ನೋಡಿದರು. ಅವ್ವ ಪ್ರತಿ ಶನಿವಾರ ಹ್ಯಾಂಡಲ್‌ಗೆ ಕಟ್ಟುವ ನಿಂಬೆಹಣ್ಣು, ಮೆಣಸಿನಕಾಯಿಯ ದಾರ ಕ್ಲಚ್ ಬಳಿಯ ಸ್ಟಾರ್ಟರ್ ವೈರಿಗೂ ಸುತ್ತಿಕೊಂಡಿತ್ತು. ಹ್ಯಾಂಡಲ್ ಪೂರ್ತಿ ತಿರುಗಿದಾಗಲೆಲ್ಲ ಅದು ವೈರನ್ನು ಎಳೆದು ಸಡಿಲ ಮಾಡುತ್ತಿತ್ತು. ತೊಳೆಯುವವರು ಮೊದಲು ಕಿತ್ತು ಬಿಸಾಡುತ್ತಿದ್ದುದೇ ಅದನ್ನು; ಎಳೆತ ತಪ್ಪಿದ ವೈರು ತಾನೇ ಜಾಗಕ್ಕೆ ಮರಳುತ್ತಿತ್ತು. ಗಾಡಿ ಕೈಕೊಟ್ಟಷ್ಟೂ ಅವ್ವ ಇನ್ನೂ ದೊಡ್ಡ ನಿಂಬೆ ಹುಡುಕಿ, ಇನ್ನೂ ಬಿಗಿಯಾಗಿ ಕಟ್ಟುತ್ತಿದ್ದಳು. ಆಗ ಹ್ಯಾಂಡಲ್ ಹಿಡಿದುಕೊಂಡು ನಿಲ್ಲುತ್ತಿದ್ದವನು ನಾನೇ.

ದಾರ ಕತ್ತರಿಸಿ, ವೈರು ಒತ್ತಿ ಕೂರಿಸಿದ ತಕ್ಷಣ ಬೈಕು ಗುಡುಗುಟ್ಟಿತು. ಮೆಕ್ಯಾನಿಕ್ ನಿಂಬೆಹಣ್ಣನ್ನು ನನ್ನ ಕೈಗಿಟ್ಟು ಮರಾಠಿಯಲ್ಲಿ ಹೇಳಿದರು: “ಭಾವೂ, ವಾರಂಟಿ ಬೈಕಿಗಷ್ಟೇ. ಇದಕ್ಕಿಲ್ಲ.”

ಮನೆಯಲ್ಲಿ ಅವರ ದನಿಯಲ್ಲೇ ಇದನ್ನೆಲ್ಲ ಒಪ್ಪಿಸಿದೆ. ನಮ್ಮ ಬೀದರಿನ ಅವ್ವ ಅಲುಗಾಡಲಿಲ್ಲ. “ಜಾಗಾ ತಪ್ಪಿತ್ತಪಾ, ನಿಂಬೆಕಾಯಿದೇನು ತಪ್ಪು ಅದ?”

ಈಗ ನಿಂಬೆಹಣ್ಣು ಹಿಂದಿನ ನಂಬರ್ ಪ್ಲೇಟಿನ ಕೆಳಗೆ ತೂಗುತ್ತಿದೆ. ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ. ಅವ್ವ ಅಕ್ಕಪಕ್ಕದವರಿಗೆಲ್ಲ ನಿಂಬೆಹಣ್ಣಿನ ಮಹಿಮೆ ಹೇಳುತ್ತಿದ್ದಾಳೆ.