ಕಾಲರಕ್ಕನ ಮಿಷನ್ನು

ಕಾಲರಕ್ಕನಿಗೆ ಆ ಹೆಸರು ಬಂದದ್ದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಮದುವೆಯಾದ ಹೊಸದರಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದವಳು, ಕೈ ಪಳಗಿದ ಮೇಲೆ ಅಂಗಿಯ ಕಾಲರು ಬಿಟ್ಟು ಬೇರೇನೂ ಹೊಲಿಯಲಿಲ್ಲ. ಹೊಲಿದದ್ದನ್ನು ಮಗುಚಿ, ಮೊಂಡು ಕಡ್ಡಿಯಿಂದ ಒಳಗಿನಿಂದ ತಿವಿದು, ಎರಡೂ ತುದಿಗಳನ್ನು ಒಂದರ ಮೇಲೊಂದು ಮಡಚಿ ನೋಡುವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಚ್ಚುವಳು. ಕಾರ್ಖಾನೆಯೇನೂ ಸ್ವರ್ಗವಾಗಿರಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಸೂಪರ್‌ವೈಸರನ ಮುಖ ನೋಡಬೇಕಿತ್ತು. ಆದರೆ ಸಂಜೆ ಗಂಟೆ ಹೊಡೆದರೆ ಮಿಷನ್ನು ನಿಲ್ಲುತ್ತಿತ್ತು. ಅಲ್ಲಿರುವಷ್ಟು ಹೊತ್ತು ಯಾರೂ ಅವಳನ್ನು ಒಂದು ಲೋಟ ನೀರು ತಾ ಎನ್ನುತ್ತಿರಲಿಲ್ಲ.

ಒಂದು ದಿನ ಕಂಪನಿಯವರು ಹೊಲಿಗೆ ವಿಭಾಗವನ್ನೇ ಮುಚ್ಚಿದರು. ಹೆಂಗಸರನ್ನೆಲ್ಲ ಕೂರಿಸಿ, ಇನ್ನು ನೀವು ನೌಕರರಲ್ಲ, ನಮ್ಮ ಪಾಲುದಾರರು. ಮಿಷನ್ನು ಮನೆಗೇ ಒಯ್ಯಿರಿ, ಹೊಲಿದಷ್ಟಕ್ಕೆ ಕೂಲಿ, ಮನೆಮಕ್ಕಳನ್ನೂ ನೋಡಿಕೊಂಡ ಹಾಗಾಯಿತು ಎಂದರು. ರಜೆ, ಆಸ್ಪತ್ರೆ ಖರ್ಚು, ಭವಿಷ್ಯನಿಧಿ ಎಲ್ಲ ಆ ಸಿಹಿ ಮಾತಿನಲ್ಲೇ ಕರಗಿಹೋದವು. ಗುಂಡಿಯ ಕಾಜಾ ಹೊಲಿಯುತ್ತಿದ್ದ ಗೆಳತಿ, ಎಲ್ಲರ ಬಾಯಲ್ಲೂ 'ಕಾಜಾ' ಆದವಳು, ಕಾಲರಕ್ಕನ ಕಿವಿಗೆ ಬಗ್ಗಿದಳು.

"ಪಾಲುದಾರರಂತೆ ಕಣಕ್ಕ. ಲಾಭದಲ್ಲೋ, ಕರೆಂಟ್ ಬಿಲ್ಲಲ್ಲೋ?"

ಮಿಷನ್ನು ಬಂದು ಅಡುಗೆಮನೆಯ ಬಾಗಿಲ ಪಕ್ಕ ಕೂತಿತು. ನಡುಮನೆ ಟಿವಿಗೂ ಗಂಡನ ಮಂಚಕ್ಕೂ ಮೀಸಲು. ಅವನ ಗೋದಾಮಿನ ಕೆಲಸವೂ ಈಗ ಫೋನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಫೋನು ಬರದ ದಿನ ಅವನು ಮಂಚದ ಮೇಲೆ. ಅವಳು ಕಾರ್ಖಾನೆಗೆ ಹೋಗುತ್ತಿದ್ದಾಗ ಬೇಯಿಸಿಟ್ಟದ್ದನ್ನು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದ ಗಂಡನಿಗೂ ಅತ್ತೆಗೂ ಈಗ ಕೈಯೇ ಬಿದ್ದುಹೋದಂತಾಯಿತು. ಚಹಾ ಆಯಿತಾ, ಬಟ್ಟೆ ಒಣಗಿತಾ, ಬಾಗಿಲಲ್ಲಿ ಯಾರು ನೋಡು. ಹೊಲಿಯುತ್ತಿದ್ದೇನೆ ಎಂದರೆ, ಮನೆಯಲ್ಲೇ ಇದ್ದೀಯಲ್ಲ ಎನ್ನುವರು. ಕೆಲಸವಿಲ್ಲದ ಗಂಡಸಿಗೆ ದಣಿವು, ಕೆಲಸವಿರುವ ಹೆಂಗಸಿಗೆ ಬಿಡುವು!

ಒಮ್ಮೆ ಬಾಣಲೆ ಮುಟ್ಟಿದ ಕೈಯಲ್ಲೇ ಓಡಿಬಂದು ಕೂತದ್ದರಿಂದ ಬಿಳಿ ಕಾಲರಿನ ಮೇಲೆ ಎಣ್ಣೆಯ ಕಲೆ ಬಿತ್ತು. ಕಂಪನಿಯ ಚೆಕಿಂಗ್ ಮೇಡಂ ಇಡೀ ಕಟ್ಟನ್ನೇ ವಾಪಸ್ಸು ಎಸೆದಳು. ಅಂದಿನಿಂದ ಕಾಲರಕ್ಕ ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯುವಳು, ಹೊಲಿದದ್ದಕ್ಕೆ ಹಳೆಯ ದುಪ್ಪಟಿ ಹೊದಿಸುವಳು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದರೆ ದುಪ್ಪಟಿ ನೆಲದಲ್ಲಿ, ಗಂಡನ ತಟ್ಟೆ ಕಾಲರುಗಳ ಮೇಲೆ. ಅವನು ಪಲ್ಯ ಕಲಸಿದ ಕೈಯಲ್ಲೇ ಉಳಿದ ಕಾಲರುಗಳನ್ನು ಅತ್ತ ಸರಿಸಿ ಟಿವಿ ನೋಡುತ್ತಿದ್ದ.

"ಏನ್ರೀ ಇದು?"

"ತಟ್ಟೆ ಇಡೋಕೆ ಜಾಗ ಎಲ್ಲಿದೆ? ಮನೇನ ಫ್ಯಾಕ್ಟರಿ ಮಾಡಿದ್ದು ನಾನಲ್ಲ. ಹೋಗಿ ನಿನ್ನ ಕಂಪನಿಯವರನ್ನ ಕೇಳು."

ಅವಳು ಆ ಕಟ್ಟನ್ನೇ ಹೊತ್ತು ಹೋಗಿ ಕೇಳಿದಳು. ಕೂತು ಹೊಲಿಯಲು ಮನೆಯಲ್ಲಿ ಒಂದು ಮೂಲೆಯೂ ಇಲ್ಲವೆಂದು ಮೇಡಂಗೆ ಬಿಡಿಸಿ ಹೇಳಿದಳು. ಮೇಡಂ ಪಲ್ಯದ ಕಲೆಯ ಮೇಲಿಂದ ಕಣ್ಣೆತ್ತದೆ ಹೊಸ ಕಟ್ಟೊಂದನ್ನು ಮುಂದೆ ತಳ್ಳಿದಳು.

"ನಿಮ್ಮ ಮನೆ ವಿಷಯ ನಮಗೆ ಬೇಡಮ್ಮ. ಇದೇ ಕೊನೇ ಕಟ್ಟು. ಇದೂ ಕೊಳೆಯಾದ್ರೆ ಕೆಲಸ ಬೇರೆಯವರಿಗೆ."

ಮೇಡಂ ಬೆನ್ನ ಹಿಂದಿನ ಗಾಜಿನಾಚೆ ಹಳೆಯ ಹೊಲಿಗೆ ವಿಭಾಗ ಖಾಲಿ ಬಿದ್ದಿತ್ತು. ಫ್ಯಾನುಗಳು ತೂಗುತ್ತಿದ್ದವು, ಕಂಬಕಂಬಕ್ಕೂ ಪ್ಲಗ್ಗುಗಳು ಹಾಗೇ ಇದ್ದವು. ಮನೆಯವರಿಗೆ ಇದು ಕಂಪನಿಯ ವಿಷಯ, ಕಂಪನಿಗೆ ಮನೆಯ ವಿಷಯ. ಹಾಗಾದರೆ ಕಾಲರು ಯಾರದು? ಕೊನೆಯ ಕಟ್ಟನ್ನು ಎದೆಗೊತ್ತಿಕೊಂಡು ಕಾಲರಕ್ಕ ಮನೆಗೆ ನಡೆದಳು.

ಮರುದಿನ ಬೆಳಗ್ಗೆ ತಳ್ಳುಗಾಡಿಯೊಂದನ್ನು ಬಾಡಿಗೆಗೆ ತಂದು ಮಿಷನ್ನು ಹೇರಿದಳು. ಅತ್ತೆ ಹೊಸ್ತಿಲಿಗೆ ಬಂದು, ಅಡುಗೆ ಯಾರು ಮಾಡಬೇಕು ಎಂದರು.

"ಅಕ್ಕಿ ಡಬ್ಬೀಲಿದೆ ಅತ್ತೆ. ನಿಮ್ಮ ಮಗ ಮಂಚದ ಮೇಲಿದ್ದಾರೆ."

ಬೀದಿಯ ತಿರುವಿನಲ್ಲಿ ಕಾಜಾಳ ಮನೆ. ಗಾಡಿಯ ಸದ್ದಿಗೆ ಹೊರಬಂದವಳು ಅದರ ಮೇಲಿದ್ದ ಮಿಷನ್ನನ್ನು ನೋಡಿದಳು. ಒಳಗೆ ಹೋಗಿ ತನ್ನ ಮಿಷನ್ನನ್ನೂ ಎಳೆದು ತಂದು ಗಾಡಿಗೆ ಹೇರಿದಳು. ಇಬ್ಬರೂ ಸೇರಿ ಕಾರ್ಖಾನೆಯ ಗೇಟಿನವರೆಗೂ ತಳ್ಳಿದರು. ಹಳೆಯ ಕಾವಲುಗಾರ ಅವರನ್ನು ಕಂಡು ಪೇಚಿಗೆ ಬಿದ್ದ.

"ಒಳಗೆ ಬಿಡೋ ಹಾಗಿಲ್ಲ ಕಣಮ್ಮ. ನೀವೀಗ ಇಲ್ಲಿ ಕೆಲಸದವರಲ್ಲ."

"ಗೊತ್ತು ಕಣಣ್ಣ, ಪಾಲುದಾರರು," ಎಂದಳು ಕಾಲರಕ್ಕ. ಗಾಡಿಯ ಮೂತಿಯನ್ನು ಗೇಟಿನ ಕಂಬಿಗಳಿಗೆ ತಾಗುವವರೆಗೂ ನೂಕಿದಳು. "ಬಾಗಿಲು ತೆಗಿ. ಪ್ಲಗ್ಗು ಎಲ್ಲಿದೆ ಅಂತ ನಮಗೆ ಗೊತ್ತು."